ಕೊಡಗಿನ ಮಳೆಯಲ್ಲಿ ಮುಟ್ಟಿನ ದಿನಗಳು: ಒಣ ಬಟ್ಟೆ, ಹದವಾದ ಶಾಖ – ನನ್ನ ಅನುಭವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಇರುವ ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಎರಡು ದೊಡ್ಡ ಕಷ್ಟಗಳು. ಹಾಕಿದ ಬಟ್ಟೆ ಒಣಗುವುದಿಲ್ಲ, ಮೈ ಬೆಚ್ಚಗಾಗುವುದಿಲ್ಲ. ‘ಬಟ್ಟೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ’ ಎಂಬ ಮಾತು ಬಯಲುಸೀಮೆಗೆ ಸರಿ, ಕುಶಾಲನಗರದ ಕಡೆಯೂ ಒಂದಿಷ್ಟು ನಡೆದೀತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಾದ ಕಕ್ಕಡದ ಮಳೆ ಹಿಡಿದಾಗ ನಮ್ಮ ಕಡೆ ಬಿಸಿಲನ್ನು ನೆಚ್ಚಿಕೊಂಡು ಯಾವ ಏರ್ಪಾಡೂ ಮಾಡುವ ಹಾಗಿಲ್ಲ. ನಾನು ಬಟ್ಟೆಯ ಪ್ಯಾಡ್ ಹೊಲಿದುಕೊಂಡು ಬಳಸುವವಳು. ಬಿಸಿಲಿಲ್ಲದೆ ಅದನ್ನು ಹೇಗೆ ನಿಭಾಯಿಸುತ್ತೇನೆ, ನೋವಿಗೆ ಏನು ಮಾಡಿಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಪ್ಯಾಡಿನ ರಚನೆ. ಅಂಗಡಿಯಲ್ಲಿ ಸಿಗುವ ಬಟ್ಟೆ ಪ್ಯಾಡುಗಳಲ್ಲಿ ಹೆಚ್ಚಿನವು ಆರೆಂಟು ಪದರವನ್ನು ಒಟ್ಟಿಗೆ ಸೇರಿಸಿ ಹೊಲಿದವು. ಮಳೆಗಾಲದಲ್ಲಿ ಅವುಗಳ ಮೇಲ್ಮೈ ಒಣಗಿದಂತೆ ಕಂಡರೂ ನಡುವಿನ ಪದರಗಳಲ್ಲಿ ತೇವ ಉಳಿದುಬಿಡುತ್ತದೆ. ಆ ತೇವದಲ್ಲೇ ಬೂಷ್ಟು ಹಿಡಿಯುವುದು, ಮುಗ್ಗಲು ವಾಸನೆ ಹುಟ್ಟುವುದು, ತೊಡೆಸಂದಿ ತುರಿಸುವುದು. ಅದಕ್ಕೇ ನನ್ನದು ಎರಡು ಭಾಗದ ಪ್ಯಾಡ್: ಗುಂಡಿ ಹಾಕುವ ತೆಳು ಕವಚ ಒಂದು, ಅದರ ಮೇಲೆ ಮಡಚಿಡುವ ಬಿಡಿ ಬಟ್ಟೆ ಇನ್ನೊಂದು. ಬಿಡಿ ಬಟ್ಟೆಯನ್ನು ಬಿಚ್ಚಿ ಹರವಿದರೆ ಒಂದೇ ಪದರ. ಕೊಡಗಿನಲ್ಲಿ ಒಣಗುವುದು ಅಂಥದ್ದೇ.

ಒಳಬಟ್ಟೆಗೆ, ಅಂದರೆ ಆ ಬಿಡಿ ಬಟ್ಟೆಗೆ, ಹತ್ತಿಯ ಫ್ಲಾನೆಲ್, ಇಲ್ಲವೇ ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆ, ಹತ್ತಿ ಸೀರೆ. ನೈಲಾನ್, ಪಾಲಿಯೆಸ್ಟರ್ ಬೆರೆತ ಸೀರೆ ಬೇಡ, ಅದು ಹೀರುವುದಿಲ್ಲ, ಬೆವರಿಸುತ್ತದೆ. ಹೊಸ ಫ್ಲಾನೆಲ್ ತಂದರೆ ಕತ್ತರಿಸುವ ಮೊದಲು ಎರಡು ಮೂರು ಸಲ ಬಿಸಿನೀರಿನಲ್ಲಿ ಒಗೆಯಿರಿ. ಗಂಜಿ ಹೋಗುವವರೆಗೆ ಅದು ನೀರನ್ನು ಸರಿಯಾಗಿ ಕುಡಿಯುವುದಿಲ್ಲ, ಆಮೇಲೆ ಕುಗ್ಗುವುದೂ ಉಂಟು. ಒಗೆದ ಬಟ್ಟೆಯನ್ನು 25 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ ಅಂಚಿಗೆ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹೊಲಿಗೆ ಹಾಕಿಸುತ್ತೇನೆ. ಅಂಚನ್ನು ಎರಡು ಮಡಿಕೆ ಮಡಚಿ ಹೊಲಿದರೆ ಉಳಿದೆಲ್ಲ ಒಣಗಿದ ಮೇಲೂ ನಾಲ್ಕು ಮೂಲೆಗಳು ಒದ್ದೆಯಾಗಿಯೇ ಉಳಿಯುತ್ತವೆ. ಈ ಚೌಕವನ್ನು ಮೂರು ಮಡಿಕೆ ಮಾಡಿದರೆ ಸುಮಾರು 8 ಸೆಂಟಿಮೀಟರ್ ಅಗಲದ ಪಟ್ಟಿ. ಸ್ರಾವ ಕಡಿಮೆ ಇರುವ ದಿನ ಒಂದು ಸಾಕು, ಮೊದಲ ಎರಡು ದಿನ ಎರಡು. ರಾತ್ರಿಗೆ 32 ಸೆಂಟಿಮೀಟರ್ ಉದ್ದದ್ದು ಬೇರೆ ಇರಲಿ. ಮಲಗಿದಾಗ ಸ್ರಾವ ಹಿಂದಕ್ಕೆ ಹರಿಯುವುದರಿಂದ ಹೆಚ್ಚುವರಿ ಮಡಿಕೆ ಹಿಂಭಾಗದಲ್ಲಿ ಬರಬೇಕು.

ಕವಚಕ್ಕೆ ಮೇಲೆ ಹತ್ತಿ, ಕೆಳಗೆ ಪಿಯುಎಲ್ ಎಂಬ ನೀರು ದಾಟದ ಬಟ್ಟೆ. ಮಕ್ಕಳ ಬಟ್ಟೆ ಡಯಾಪರಿನ ಹೊರಭಾಗಕ್ಕೆ ಬಳಸುವುದು ಇದನ್ನೇ. ನಡುವೆ 7 ಸೆಂಟಿಮೀಟರ್ ಅಗಲ, 26 ಸೆಂಟಿಮೀಟರ್ ಉದ್ದ, ಎರಡೂ ಬದಿಗೆ ರೆಕ್ಕೆ. ಎರಡು ತುದಿಗೆ ಅಡ್ಡಲಾಗಿ ಒಂದೊಂದು ಎಲಾಸ್ಟಿಕ್ ಪಟ್ಟಿ ಬೇಕು, ಮಡಚಿದ ಬಟ್ಟೆಯ ತುದಿಯನ್ನು ಅದರಡಿ ಸಿಕ್ಕಿಸುವುದು. ಈ ಪಟ್ಟಿಯನ್ನು ಮೇಲಿನ ಹತ್ತಿ ಬಟ್ಟೆಗೆ ಮಾತ್ರ ಮೊದಲೇ ಹೊಲಿದು, ಆಮೇಲೆ ಎರಡು ಬಟ್ಟೆ ಜೋಡಿಸಿ. ಪಿಯುಎಲ್‌ನ ನಡುಭಾಗಕ್ಕೆ ಸೂಜಿ ತಾಗಿದರೆ ಪ್ರತಿ ತೂತೂ ಸೋರುವ ಜಾಗ. ಗುಂಡುಪಿನ್ನು ಚುಚ್ಚುವ ಬದಲು ಬಟ್ಟೆ ಕ್ಲಿಪ್ ಹಾಕಿ ಹಿಡಿಯಿರಿ. ನೂಲು ಪಾಲಿಯೆಸ್ಟರಿನದೇ ಆಗಬೇಕು. ಹತ್ತಿ ನೂಲು ಬತ್ತಿಯಂತೆ ತೇವವನ್ನು ಹೊರಗೆ ಎಳೆಯುತ್ತದೆ. ಬೇಸಿಗೆಗೆ ಹನ್ನೆರಡು ಒಳಬಟ್ಟೆ, ನಾಲ್ಕು ಕವಚ ಸಾಕಾದರೆ ಮಳೆಗಾಲಕ್ಕೆ ಒಳಬಟ್ಟೆ ಎರಡರಷ್ಟು ಇಟ್ಟುಕೊಳ್ಳಿ. ಒಂದು ಕಂತು ಒಣಗಲು ಎರಡು ದಿನ ಹಿಡಿದರೂ ಕೈ ಕಟ್ಟಿದಂತಾಗುವುದಿಲ್ಲ.

ಒಗೆಯುವುದು ತಣ್ಣೀರಿನಲ್ಲಿ ಶುರುವಾಗಬೇಕು. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ, ಕಲೆ ಮತ್ತೆ ಬಿಡುವುದಿಲ್ಲ. ಮುಚ್ಚಳದ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಸಿ, ಕೆಂಪು ನೀರು ಚೆಲ್ಲಿ, ಬಾರ್ ಸೋಪು ಹಚ್ಚಿ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ರಾತ್ರಿಯಿಡೀ ನೆನೆಹಾಕಿದರೆ ಆ ನೀರಿನಲ್ಲೇ ಕ್ರಿಮಿ ಬೆಳೆಯುತ್ತದೆ. ಸೋಪಿನ ಅಂಶ ಉಳಿದರೆ ಚರ್ಮ ಉರಿಯುತ್ತದೆ, ಅದನ್ನು ಸೋಂಕೆಂದುಕೊಂಡು ಮುಲಾಮು ಹಚ್ಚುವವರಿದ್ದಾರೆ. ಬಟ್ಟೆ ಮೃದುವಾಗಿಸುವ ದ್ರಾವಣ ಹಾಕಬೇಡಿ, ನೂಲಿಗೆ ಎಣ್ಣೆಯಂಥ ಪದರ ಕೂತು ಹೀರುವ ಗುಣ ಹೋಗುತ್ತದೆ. ಡೆಟಾಲ್ ಕೂಡ ಬೇಡ. ಮುಟ್ಟು ಮುಗಿದ ಮೇಲೆ ಕಲೆ ಬಿಟ್ಟ ಒಳಬಟ್ಟೆಗಳನ್ನು ಒಟ್ಟಿಗೆ ಹತ್ತು ನಿಮಿಷ ಕುದಿಸುತ್ತೇನೆ. ಕವಚವನ್ನು ಕುದಿಸುವುದಿಲ್ಲ, ಪಿಯುಎಲ್ ಪದರ ಬಿಟ್ಟುಕೊಳ್ಳುತ್ತದೆ.

ಇನ್ನು ಒಣಗಿಸುವುದು. ಹಿಂಡಿದ ಬಟ್ಟೆಯನ್ನು ಒಣ ಟವೆಲಿನ ಮೇಲೆ ಹರವಿ, ಸುತ್ತಿ, ಮೊಣಕಾಲಿನಿಂದ ಒತ್ತಿ. ಕೈಯಲ್ಲಿ ಹಿಂಡಿ ಹೋಗದ ನೀರನ್ನು ಟವೆಲು ಹೀರುತ್ತದೆ. ಆಮೇಲೆ ಒಂದೇ ಪದರವಾಗಿ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಹಗ್ಗಕ್ಕೆ. ಮನೆಯಲ್ಲಿ ಹಂಡೆ ಒಲೆ ಇದ್ದರೆ ಬಚ್ಚಲ ಹೊರಗೋಡೆ ಸಂಜೆಯಿಡೀ ಬೆಚ್ಚಗಿರುತ್ತದೆ, ಹಗ್ಗ ಕಟ್ಟಲು ಅದೇ ಸರಿಯಾದ ಜಾಗ. ಒಲೆಯ ನೇರ ಮೇಲೆ ಕಟ್ಟಿದರೆ ಮಸಿ ಕೂರುತ್ತದೆ, ಬಚ್ಚಲೊಳಗೆ ಕಟ್ಟಿದರೆ ಆವಿ ಬಡಿದು ಮತ್ತೆ ತೇವ. ಲಂಗದಡಿ, ಟವೆಲಿನಡಿ ಮರೆಮಾಡಿ ಒಣಹಾಕುವ ರೂಢಿಯನ್ನು ಮಾತ್ರ ದಯವಿಟ್ಟು ಬಿಡಿ. ಗಾಳಿಯಾಡದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮನೆಯವರ ಕಣ್ಣಿಗೆ ಬಿದ್ದರೆ ಬೀಳಲಿ, ಒಗೆದ ಶುಭ್ರ ಬಟ್ಟೆ ಅದು.

ಕೊನೆಯ ತೇವ ತೆಗೆಯಲು ಇಸ್ತ್ರಿ. ಮುಕ್ಕಾಲು ಒಣಗಿದ ಒಳಬಟ್ಟೆಯ ಮೇಲೆ ಹತ್ತಿ ಬಟ್ಟೆಯ ಶಾಖಕ್ಕೆ ಇಟ್ಟ ಇಸ್ತ್ರಿಪೆಟ್ಟಿಗೆಯನ್ನು ಆವಿ ಏಳುವುದು ನಿಲ್ಲುವವರೆಗೆ ನಿಧಾನ ಆಡಿಸಿ. ಎರಡು ನಿಮಿಷ ಆರಲು ಬಿಟ್ಟು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆನಿಸಿದರೆ ತೇವ ಇನ್ನೂ ಇದೆ. ಬೆರಳಿಗೆ ಇದು ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಪೂರ್ತಿ ಒಣಗಿದ್ದನ್ನು ಹತ್ತಿ ಚೀಲದಲ್ಲಿಟ್ಟರೆ ಸಾಕು. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಕವರು ಇದ್ದ ಚೂರು ತೇವವನ್ನೂ ಒಳಗೇ ಹಿಡಿದಿಡುತ್ತವೆ. ಬಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಕುದಿಸಿದರೂ ನೂಲಿನಿಂದ ಪೂರ್ತಿ ಹೋಗುವುದಿಲ್ಲ, ಎಸೆಯಿರಿ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲದಾಗ ಅರೆತೇವದ ಬಟ್ಟೆ ಹಾಕಿಕೊಳ್ಳುವ ಬದಲು ಅಂಗಡಿ ಪ್ಯಾಡು ಬಳಸುವುದು ಒಳ್ಳೆಯದು. ಒಂದು ಪೊಟ್ಟಣ ಮೇ ತಿಂಗಳಲ್ಲೇ ತಂದಿಡಿ.

ಮುಟ್ಟಿನ ಕಪ್‌ಗೆ, ಅಂದರೆ ಒಳಗಿಟ್ಟುಕೊಳ್ಳುವ ಸಿಲಿಕೋನ್ ಬಟ್ಟಲಿಗೆ, ಒಗ್ಗಿಕೊಂಡವರಿಗೆ ಒಣಗಿಸುವ ತಲೆನೋವೇ ಇಲ್ಲ. ತಿಂಗಳಿಗೊಮ್ಮೆ ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ಪಾತ್ರೆಯ ತಳಕ್ಕೆ ತಾಗಿದರೆ ಸಿಲಿಕೋನ್ ಕರಕಲಾಗುತ್ತದೆ. 12 ಗಂಟೆ ಮೀರಿ ಒಳಗಿರಬಾರದು, ತಯಾರಕರು 8 ಗಂಟೆ ಎಂದಿದ್ದರೆ 8. ಕಾಪರ್-ಟಿ ಇರುವವರು ಮೊದಲು ವೈದ್ಯರನ್ನು ಕೇಳಿ, ಕಪ್ ತೆಗೆಯುವಾಗ ಬುಡ ಹಿಸುಕಿ ಹಿಡಿತ ಬಿಡಿಸಿಯೇ ಎಳೆಯಿರಿ. ಇಲ್ಲವಾದರೆ ಕಾಪರ್-ಟಿಯೂ ಜಾರಬಹುದು.

ತೋಟದಲ್ಲಿ ಮಳೆಗೆ ನಿಲ್ಲುವವರಿಗೆ ಒಂದು ಮಾತು. ಪ್ಲಾಸ್ಟಿಕ್ ಕೋಟಿನೊಳಗೆ ಬೆವರು, ಕೋಟಿನ ಅಂಚಿನಿಂದ ಇಳಿಯುವ ನೀರು ಎರಡೂ ಒಳ ಉಡುಪನ್ನೇ ಸೇರುತ್ತವೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿಯೂ ಒದ್ದೆ ಒಳ ಉಡುಪನ್ನೇ ಮತ್ತೆ ಏರಿಸಿಕೊಂಡರೆ ಬದಲಿಸಿದ್ದು ದಂಡ. ಚೀಲದಲ್ಲಿ ಒಣ ಒಳ ಉಡುಪು ಒಂದು, ಬಳಸಿದ್ದಕ್ಕೆ ಜಿಪ್ ಇರುವ ಬೇರೆ ಪೌಚ್ ಒಂದು ಇರಲಿ. ನಡೆಯುವಾಗ ತೊಡೆಗೆ ತೊಡೆ ಉಜ್ಜಿ ಉರಿಯುವವರು ಬೆಳಗ್ಗೆಯೇ ತೆಂಗಿನೆಣ್ಣೆಯನ್ನು ತೆಳುವಾಗಿ ಹಚ್ಚಿ, ಒಂದು ನಿಮಿಷ ಬಿಟ್ಟು ಒರೆಸಿ, ಆಮೇಲೆ ಪ್ಯಾಡ್ ಹಾಕಿ. ಎಣ್ಣೆ ಪ್ಯಾಡಿಗೆ ಹತ್ತಿದರೆ ಅದು ಹೀರುವುದಿಲ್ಲ. ತೊಳೆದುಕೊಳ್ಳಲು ಬರಿ ನೀರು, ಹೊರಭಾಗಕ್ಕೆ ಮಾತ್ರ, ಮುಂದಿನಿಂದ ಹಿಂದಕ್ಕೆ. ಒಳಗೆ ಸೋಪು, ಸುವಾಸನೆಯ ವಾಶ್ ಯಾವುದೂ ಬೇಡ.

ನೋವಿನ ವಿಷಯಕ್ಕೆ ಬರುತ್ತೇನೆ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸ್ನಾಯು ಹಿಂಡಿಕೊಳ್ಳುವುದು, ಆ ಜಾಗಕ್ಕೆ ರಕ್ತ ಕಡಿಮೆಯಾಗುವುದು, ಮೊದಲ ದಿನ ಹೊಟ್ಟೆ ಸಡಿಲಾಗುವುದು, ವಾಕರಿಕೆ, ಎಲ್ಲಕ್ಕೂ ಅದೇ ಮೂಲ. ಶಾಖ ಸ್ನಾಯುವನ್ನು ಸಡಿಲಿಸಿ ರಕ್ತ ಹರಿಯುವಂತೆ ಮಾಡುತ್ತದೆ. ಅದರಿಂದಾಗಿಯೇ ನೋವು ಬಿಗಿಯುವ ಮೊದಲೇ ಶಾಖ ಶುರುಮಾಡಿದರೆ ಹೆಚ್ಚು ಗುಣ.

ರಬ್ಬರ್ ಚೀಲಕ್ಕೆ ಕುದಿಯುವ ನೀರು ಹುಯ್ಯಬೇಡಿ. ಕುದಿಸಿ ಇಳಿಸಿ ಹತ್ತು ನಿಮಿಷ ಬಿಟ್ಟು, ಮೂರರಲ್ಲಿ ಎರಡು ಪಾಲು ತುಂಬಿಸಿ, ಚೀಲವನ್ನು ಮೇಜಿನ ಮೇಲೆ ಮಲಗಿಸಿ ನೀರು ಬಾಯಿಯವರೆಗೆ ಬರುವಷ್ಟು ಒತ್ತಿ ಗಾಳಿ ಹೊರದಬ್ಬಿ, ಆಮೇಲೆ ಬಿರಡೆ. ಗಾಳಿ ಉಳಿದರೆ ಚೀಲ ಹೊಟ್ಟೆಗೆ ಒಗ್ಗಿ ಕೂರುವುದಿಲ್ಲ. ದಪ್ಪ ಬಟ್ಟೆ ಸುತ್ತಿ, ಒಳಮಣಿಕಟ್ಟಿಗೆ ಹಿಡಿದು ನೋಡಿ, ಕಿಬ್ಬೊಟ್ಟೆಗೆ ಇಪ್ಪತ್ತು ನಿಮಿಷ. ಸೊಂಟ ಹಿಡಿಯುವವರು ಬೆನ್ನಿನ ಕೆಳಗೆ ಇಟ್ಟುಕೊಳ್ಳಬಹುದು. ಚೀಲ ಇಟ್ಟುಕೊಂಡೇ ನಿದ್ದೆಹೋಗಬಾರದು. ಹದವಾದ ಶಾಖವೂ ಗಂಟೆಗಟ್ಟಲೆ ಒಂದೇ ಕಡೆ ಇದ್ದರೆ ಚರ್ಮ ಸುಡುತ್ತದೆ, ತಿಂಗಳು ತಿಂಗಳೂ ಹಾಗೇ ಮಾಡಿದರೆ ಬಲೆಯಂಥ ಕಂದು ಕಲೆ ಉಳಿಯುತ್ತದೆ. ರಬ್ಬರು ಅಂಟಂಟಾದರೆ, ಕುತ್ತಿಗೆಯಲ್ಲಿ ಬಿರುಕು ಕಂಡರೆ ಹೊಸದು ಕೊಳ್ಳಿ. ಕರೆಂಟಿನ ಜೆಲ್ ಚೀಲವನ್ನು ಪ್ಲಗ್ಗಿನಿಂದ ತೆಗೆದ ಮೇಲಷ್ಟೇ ಮೈಗೆ ತಾಗಿಸಿ.

ಕರೆಂಟೂ ಇಲ್ಲ, ಚೀಲವೂ ಇಲ್ಲದಿದ್ದರೆ ಅರ್ಧ ಕಿಲೋ ಅಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ದಪ್ಪ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಹೆಚ್ಚು ಕಾದರೆ ಬಟ್ಟೆ ಕರಕಲಾಗುತ್ತದೆ, ಕೈಯಲ್ಲಿ ಹಿಡಿಯಲಾಗುವಷ್ಟು ಆರಿದ ಮೇಲೆ ಬಳಸಿ. ಉಪ್ಪಿಗಿಂತ ಅಕ್ಕಿಯೇ ನನಗೆ ಹಿಡಿಸಿದ್ದು. ನಮ್ಮ ಹವೆಯಲ್ಲಿ ಉಪ್ಪು ನೀರೆಳೆದು ಗಂಟು ಒದ್ದೆಯಾಗುತ್ತದೆ. ಪಾದ ತಣ್ಣಗಾಗಿ ನಡುಕ ಬರುವ ಸಂಜೆ ಹಂಡೆಯ ಬೆಚ್ಚನೆ ನೀರಿನಲ್ಲಿ ಕಾಲು ಹತ್ತು ನಿಮಿಷ ಇಟ್ಟು, ಬೆರಳ ಸಂದಿಯವರೆಗೆ ಒರೆಸಿ, ಉಣ್ಣೆ ಕಾಲುಚೀಲ ಹಾಕಿದರೆ ಮೈಯೆಲ್ಲ ಹಗುರ. ತಲೆಸ್ನಾನದಿಂದ ಮುಟ್ಟಿಗೆ ತೊಂದರೆಯಿಲ್ಲ, ಕೂದಲು ಆರಿಸಿಕೊಳ್ಳಿ ಅಷ್ಟೆ.

ಶಾಖಕ್ಕೆ ಬಗ್ಗದ ನೋವಿಗೆ ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಎರಡೂ ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುವ ಮದ್ದು. ಆದ್ದರಿಂದ ನೋವಿನ ಸುಳಿವು ಸಿಕ್ಕಾಗಲೇ, ಊಟದ ನಂತರ ತೆಗೆದುಕೊಂಡರೆ ಫಲ. ಪ್ರಮಾಣವನ್ನು ಒಮ್ಮೆ ವೈದ್ಯರಿಂದ ಬರೆಸಿಕೊಳ್ಳಿ. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರಿಗೆ ಇವು ಹೊಂದುವುದಿಲ್ಲ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ದದ್ದು, ಗ್ರಂಥಿ ಊತ ಸೇರಿದ ತೀವ್ರ ಅಲರ್ಜಿ ಬರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿದೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ: ಮುಟ್ಟಿನ ಜೊತೆ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಈ ಎರಡನ್ನೂ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚುವ ಅಪಾಯವಿದೆ. ಆಗ ಪ್ಯಾರಾಸಿಟಮಾಲ್ ಮಾತ್ರ.

ಊಟದಲ್ಲಿ ನಾನು ಗಮನಿಸುವುದು ಕಬ್ಬಿಣದ ಅಂಶವನ್ನು, ಅದಕ್ಕೆ ಅಡ್ಡಬರುವ ನಮ್ಮ ಕಾಫಿಯನ್ನು. ಊಟದ ಜೊತೆ ಕುಡಿದ ಕಾಫಿ, ಚಹಾ ಸೊಪ್ಪು-ಕಾಳಿನ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ಬೆಲ್ಲದ ಕಾಫಿಯಾದರೂ ಅಷ್ಟೇ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಟ್ಟರೆ ಆಯಿತು, ಬಿಡಬೇಕಿಲ್ಲ. ಸೊಪ್ಪಿನ ಪಲ್ಯ, ಹುರುಳಿ ಸಾರಿನ ಮೇಲೆ ನಿಂಬೆ ಹಿಂಡಿ, ಇಲ್ಲವೇ ಸೀಬೆ, ಕಿತ್ತಳೆ ತಿನ್ನಿ. ಪಂದಿಕರಿಗೆ ಹಾಕುವ ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಹುಳಿಯಾದರೂ ನಿಂಬೆಯ ಬದಲಿಗೆ ಅದನ್ನು ನೆಚ್ಚುವುದಿಲ್ಲ, ಅಷ್ಟು ಹೊತ್ತು ಕಾಯಿಸಿದ ರಸದಲ್ಲಿ ವಿಟಮಿನ್ ಸಿ ಉಳಿಯುವುದು ಕಷ್ಟ. ಮಾಂಸ ತಿನ್ನುವವರಿಗೆ ಪಂದಿಕರಿ, ಈಲಿಯ (ಲಿವರ್) ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಮುಟ್ಟಿನಲ್ಲಿ ಮಾಂಸ ಬೇಡವೆನ್ನಲು ಕಾರಣವೇ ಇಲ್ಲ. ವಾಕರಿಕೆಗೆ ಒಂದಿಂಚು ಹಸಿಶುಂಠಿ ಜಜ್ಜಿ ಒಂದೂವರೆ ಲೋಟ ನೀರಿನಲ್ಲಿ ಒಂದು ಲೋಟಕ್ಕೆ ಇಳಿಸಿ, ಬೆಲ್ಲ ಹಾಕಿ ಗುಟುಕು ಗುಟುಕಾಗಿ ಕುಡಿಯುವುದು. ಹೊಟ್ಟೆ ಉರಿಯುವವರು ಕರಿಮೆಣಸು ಸೇರಿಸಬೇಡಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೊದಲ ದಿನ ಮೂಟೆ ಹೊರುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಹಣ್ಣು ಆಯುವುದು, ಕಣದಲ್ಲಿ ಹರವುವುದು ಇಟ್ಟುಕೊಂಡರೆ ಸೊಂಟ ಉಳಿಯುತ್ತದೆ. ತಿಂಗಳಿಗೆ ಒಂದು ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಯ ಹೆಣ್ಣುಮಕ್ಕಳಿಗೆ ಈ ಸುದ್ದಿ ತಿಳಿಸುವ ಕೆಲಸ ತೋಟದ ಒಡತಿಯರಿಂದಲೇ ಶುರುವಾಗಬೇಕೆಂದು ನನಗನಿಸುತ್ತದೆ.

ಇಷ್ಟೆಲ್ಲ ಸಾಮಾನ್ಯ ನೋವಿಗೆ. ಒಂದು ಪ್ಯಾಡ್ ಒಂದೇ ಗಂಟೆಯಲ್ಲಿ ತೊಯ್ದು, ಹಾಗೇ ಎರಡು ಮೂರು ಗಂಟೆ ಮುಂದುವರಿದರೆ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪು ಬಿದ್ದರೆ, ಏಳು ದಿನ ದಾಟಿದರೆ, ನೋವು ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದರೆ, ಮುಟ್ಟಿಲ್ಲದ ದಿನವೂ ಕಿಬ್ಬೊಟ್ಟೆ ಹಿಡಿದರೆ ಕಷಾಯದಲ್ಲಿ ಕಾಲ ಕಳೆಯದೆ ಸ್ತ್ರೀರೋಗ ವೈದ್ಯರ ಬಳಿ ಹೋಗಿ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಕಪ್ ಬಳಸುವಾಗ ಹಠಾತ್ ಜ್ವರ, ವಾಂತಿ, ದದ್ದು ಬಂದರೆ ಕಪ್ ತೆಗೆದು ಅದೇ ಹೊತ್ತಿಗೆ ಹೊರಡಿ. ಮೆಟ್ಟಿಲೇರುವಾಗ ಏದುಸಿರು, ಸುಸ್ತು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಗರ್ಭಿಣಿಯಲ್ಲದ ಹೆಂಗಸಿಗೆ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೋಗುವಾಗ ಹಿಂದಿನ ಮೂರು ತಿಂಗಳ ಲೆಕ್ಕವನ್ನು ಕ್ಯಾಲೆಂಡರಿನ ಚೌಕಗಳಲ್ಲೇ ಬರೆದು ಒಯ್ಯಿರಿ: ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್, ಯಾವ ಮಾತ್ರೆ ಎಷ್ಟು ತೆಗೆದುಕೊಂಡಿರಿ, ಅದರಿಂದ ನೋವು ಇಳಿಯಿತೇ ಇಲ್ಲವೇ.