ಬಿಳಿ ಕೂದಲಿನ ಗುಂಡು ಕ್ಯಾಕ್ಟಸ್: ಯಾವುದು ಅಂತ ಗುರುತಿಸೋದು, ಬೆಂಗಳೂರಲ್ಲಿ ಬೆಳೆಸೋದು ಹೇಗೆ?

ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗಳಲ್ಲಿ ಪುಟ್ಟ ಪಾಟ್‌ನಲ್ಲಿ ಬಿಳಿ ಕೂದಲು ತುಂಬ್ಕೊಂಡು ಕೂತಿರೋ ಗುಂಡು ಕ್ಯಾಕ್ಟಸ್ ಕಂಡ್ರೆ ಕೈ ಹಾಕದೆ ಇರೋಕಾಗಲ್ಲ, ಆದ್ರೆ ಹೆಸರು ಕೇಳಿದ್ರೆ ಬರೋ ಉತ್ತರ ಒಂದೇ, 'ಕ್ಯಾಕ್ಟಸ್ ಸಾರ್'. ಹಾಗಾಗಿ ಗುರುತಿಸೋ ಕೆಲಸ ನಮ್ಮದೇ. ಕೂದಲು ನೋಡಿ ಹೆಸರು ಹೇಳೋಕಾಗಲ್ಲ, ಕೂದಲು ಸರಿಸಿ ಒಳಗೆ ನೋಡ್ಬೇಕು.

ಒಂದು ಪೆನ್ಸಿಲ್ ತಗೊಂಡು ಮೆಲ್ಲಗೆ ಕೂದಲು ಬಿಡಿಸಿ. ಹಸಿರು ಮೈ ಮೇಲೆ ಬಿಡಿಬಿಡಿ ಗುಬುಟುಗಳು ಸುರುಳಿ ಸುರುಳಿಯಾಗಿ ಜೋಡಿಸ್ಕೊಂಡಿದ್ರೆ ಅದು ಬಹುತೇಕ ಮ್ಯಾಮಿಲೇರಿಯಾ, ಮೆಕ್ಸಿಕೋ ಕಡೆ ಗಿಡ. ಗುಬುಟಿನ ಬದಲು ಮೇಲಿಂದ ಕೆಳಗೆ ಉದ್ದುದ್ದ ಏಣುಗಳಿದ್ರೆ ಅದು ಬೇರೆ ಜಾತಿ, ಓಲ್ಡ್ ಮ್ಯಾನ್ ಕ್ಯಾಕ್ಟಸ್ ಅಥವಾ ಪೆರು ದೇಶದ ಅದರ ನೆಂಟ ಎಸ್ಪೊಸ್ಟೋವಾ ಇರಬಹುದು. ಇವು ಮರಿ ಇದ್ದಾಗಷ್ಟೇ ಗುಂಡಗೆ, ಆಮೇಲೆ ಕಂಬದ ಥರ ಎದ್ದೇಳ್ತವೆ. ಓಲ್ಡ್ ಮ್ಯಾನ್ ಅಂತೂ ತನ್ನೂರಲ್ಲಿ ಹತ್ತು ಮೀಟರ್ ದಾಟುತ್ತೆ, ಕಿಟಕಿ ಮೇಲೆ ಇಟ್ಕೊಳ್ಳೋಣ ಅಂತ ತಂದವರು ಇದನ್ನ ತಲೇಲಿ ಇಟ್ಕೊಳ್ಳಿ.

ಮ್ಯಾಮಿಲೇರಿಯಾದಲ್ಲೇ ನೂರಕ್ಕೂ ಹೆಚ್ಚು ಜಾತಿ ಇವೆ, ಆದ್ರೆ ಕೂದಲಿನವು ಅಂದ್ರೆ ನಮ್ಮ ಕೈಗೆ ಸಿಗೋದು ಹೆಚ್ಚಾಗಿ ಮೂರು. ಪ್ರತಿ ಗುಬುಟಿನ ಮಧ್ಯೆ ಕೆಂಪು-ಕಂದು ಬಣ್ಣದ ಕೊಕ್ಕೆ ಮುಳ್ಳು ಇದ್ದು ಶರ್ಟ್ ತೋಳಿಗೆ ಸಿಕ್ಕಾಕೊಂಡ್ರೆ ಬೊಕಸಾನಾ, ಅಂದ್ರೆ ಪೌಡರ್ ಪಫ್. ಹೂವು ಕೆನೆ ಬಣ್ಣ ಅಥವಾ ತೆಳು ಗುಲಾಬಿ, ಸುತ್ತ ಮರಿ ಹಾಕ್ತಾ ಹೋಗುತ್ತೆ. ಕೊಕ್ಕೆ ಇಲ್ಲ, ಮುಳ್ಳು ನೇರ, ಕಡು ಗುಲಾಬಿ ಹೂವು ತಲೆ ಸುತ್ತ ಕಿರೀಟದ ಹಾಗೆ ಬರುತ್ತೆ ಅಂದ್ರೆ ಹಾನಿಯಾನಾ, ಇದಕ್ಕೇ ಓಲ್ಡ್ ಲೇಡಿ ಅನ್ನೋದು. ಇದರ ಗುಬುಟಿಗೆ ಪಿನ್ ತಾಗಿದ್ರೆ ಬಿಳಿ ಹಾಲು ಬರುತ್ತೆ, ಬೊಕಸಾನಾಗೆ ಬರೀ ನೀರು. ಇನ್ನು ಮುಟ್ಟಿದ್ರೂ ಚುಚ್ಚದೆ, ಮುಳ್ಳೆಲ್ಲ ಪುಟ್ಟ ಪುಟ್ಟ ಗರಿಯಂತೆ ಇದ್ರೆ ಪ್ಲುಮೋಸಾ. ಚೆಂದ ಇದಕ್ಕೇ ಜಾಸ್ತಿ, ಕೊಳೆಯೋದೂ ಇದೇ ಬೇಗ, ಮೊದಲ ಸಲ ಬೆಳೆಸೋರಿಗೆ ಬೊಕಸಾನಾನೇ ವಾಸಿ ಅನ್ಸುತ್ತೆ ನಂಗೆ.

ಕೊಳ್ಳುವಾಗ ಇನ್ನೊಂದು: ನೆತ್ತಿ ಮಧ್ಯದಲ್ಲಿ ದೊಡ್ಡ, ಪೇಪರ್ ಥರದ ಬಣ್ಣದ ಹೂವು ಇದ್ರೆ ಬುಡ ನೋಡಿ, ಗಮ್ ಹಾಕಿ ಅಂಟಿಸಿರೋ ಒಣ ಹೂವು ಅದು. ಅಸಲಿ ಹೂವು ಪುಟ್ಟದು, ಗುಬುಟುಗಳ ಸಂದಿಯಿಂದ ಬರುತ್ತೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಪಾಟ್ ಬದಲಾಯಿಸೋದು. ನರ್ಸರಿ ಪಾಟ್‌ನಲ್ಲಿ ಹೆಚ್ಚಾಗಿ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇರುತ್ತೆ, ನೀರು ಹಿಡಿದ್ರೆ ಬಿಡಲ್ಲ, ಒಣಗಿದ್ರೆ ನೀರನ್ನೇ ಒಳಗೆ ಬಿಟ್ಕೊಳ್ಳಲ್ಲ. ನ್ಯೂಸ್‌ಪೇಪರ್ ಮಡಚಿ ಪಟ್ಟಿ ಮಾಡಿ ಗಿಡದ ಸುತ್ತ ಸುತ್ತಿ ಎತ್ತಿ, ಹಳೇ ಮಣ್ಣೆಲ್ಲ ಉದುರಿಸಿ. ಹೊಸ ಮಿಕ್ಸ್‌ಗೆ ಅರ್ಧಕ್ಕಿಂತ ಜಾಸ್ತಿ ಸಣ್ಣ ಜಲ್ಲಿ ಅಥವಾ ಇಟ್ಟಿಗೆ ಚೂರು, ಉಳಿದಿದ್ದು ಕೆಂಪು ಮಣ್ಣು, ಒಂದು ಹಿಡಿ ಎರೆಗೊಬ್ಬರ ಸಾಕು. ಎಂ-ಸ್ಯಾಂಡ್ ಹಾಕೋದಾದ್ರೆ ಜರಡಿ ಹಿಡಿದು ಧೂಳು ತೆಗೀರಿ, ಇಲ್ಲಾಂದ್ರೆ ಸಿಮೆಂಟ್ ಥರ ಗಟ್ಟಿಯಾಗುತ್ತೆ. ಪಾಟ್ ಗಿಡಕ್ಕಿಂತ ಸ್ವಲ್ಪ ದೊಡ್ಡದಿದ್ರೆ ಆಯ್ತು, ಕೆಳಗೆ ತೂತು ಇರಲೇಬೇಕು. ಕುತ್ತಿಗೆ ಸುತ್ತ ಒಂದು ಪದರ ಜಲ್ಲಿ ಹಾಕಿ, ಒಂದು ವಾರ ನೀರು ಹಾಕ್ಬೇಡಿ.

ಬೆಂಗಳೂರಲ್ಲಿ ಇದಕ್ಕೆ ಬಿಸಿಲು, ಚಳಿ ಯಾವುದೂ ದೊಡ್ಡ ಸಮಸ್ಯೆ ಅಲ್ಲ, ಮಳೆ ಸಮಸ್ಯೆ. ಮೇ ತಿಂಗಳ ಸಂಜೆ ಮಳೆಯಿಂದ ಹಿಡಿದು ಅಕ್ಟೋಬರ್ ದಾಟೋವರೆಗೂ ತಾರಸಿ ಮೇಲೆ ಬಿಟ್ರೆ ಕೂದಲು ಒದ್ದೆಯಾಗಿ, ಒಣಗದೆ, ಒಳಗಿಂದ ಕೊಳೆಯೋಕೆ ಶುರು ಆಗುತ್ತೆ, ಮೇಲಿಂದ ನೋಡಿದ್ರೆ ಗೊತ್ತೂ ಆಗಲ್ಲ. ಗಾಳಿ ಆಡೋ ಕಡೆ, ಶೀಟ್ ಕೆಳಗೆ, ಬೆಳಗಿನ ಬಿಸಿಲು ನಾಲ್ಕೈದು ತಾಸು ಬೀಳೋ ಬಾಲ್ಕನಿ ಸರಿಯಾದ ಜಾಗ. ನೆರಳಲ್ಲಿಟ್ರೆ ಗಿಡ ಉದ್ದ ಎಳೆದುಕೊಂಡು ಕೂದಲು ತೆಳ್ಳಗಾಗುತ್ತೆ. ಆದ್ರೆ ನರ್ಸರಿಯ ಹಸಿರು ನೆಟ್ ಕೆಳಗಿಂದ ತಂದಿದ್ದನ್ನ ಒಂದೇ ದಿನ ಬಿಸಿಲಿಗೆ ತಳ್ಳಬೇಡಿ, ಎರಡು ವಾರ ಟೈಮ್ ಕೊಟ್ಟು ನಿಧಾನಕ್ಕೆ ಜರುಗಿಸಿ.

ನೀರು ಯಾವಾಗ್ಲೂ ಮಣ್ಣಿಗೆ, ತಲೆಗಲ್ಲ. ಮಾರ್ಚ್‌ನಿಂದ ಮೇ ತನಕ ಮಣ್ಣು ಪೂರ್ತಿ ಒಣಗಿದ ಮೇಲೆ, ಸುಮಾರು ವಾರ-ಹತ್ತು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಇನ್ನೂ ಕಮ್ಮಿ. ಡಿಸೆಂಬರ್-ಜನವರಿಯಲ್ಲಿ ತಿಂಗಳಿಗೊಮ್ಮೆ ಸಾಕು, ಈ ಉಪವಾಸ ಇದ್ರೇನೇ ಆಮೇಲೆ ಹೂವು ಚೆನ್ನಾಗಿ ಬರೋದು. ಬೋರ್‌ವೆಲ್ ನೀರು ಗಡಸು, ಪಾಟ್ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತೆ, ಒಂದು ಬಕೆಟ್ ಮಳೆ ನೀರು ಹಿಡಿದಿಟ್ಕೊಳ್ಳಿ.

ಬಿಳಿ ಗಿಡದಲ್ಲಿ ಬಿಳಿ ಹುಳ ಕಾಣಲ್ಲ, ಇದೇ ದೊಡ್ಡ ತಲೆನೋವು. ಗಿಡದ್ದೇ ಕೂದಲು ಸುತ್ತಲೂ ಸಮನಾಗಿರುತ್ತೆ, ಆ ಬಿಳಿ ಹುಳ, ಅಂದ್ರೆ ಹಿಟ್ಟು ತಿಗಣೆ (ಮೀಲಿಬಗ್) ಆದ್ರೆ ಅಲ್ಲೊಂದು ಇಲ್ಲೊಂದು ಗಂಟು, ಮುಟ್ಟಿದ್ರೆ ಅಂಟು, ಜೊತೆಗೆ ಇರುವೆ ಓಡಾಟ. ಮೆಡಿಕಲ್ ಶಾಪ್‌ನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಇಯರ್‌ಬಡ್ ಅದ್ದಿ ಸಂಜೆ ಹೊತ್ತು ಒಂದೊಂದಾಗಿ ಒರೆಸಿ, ಎರಡು ದಿನ ಬಿಸಿಲಿಗಿಡಬೇಡಿ, ವಾರ ಬಿಟ್ಟು ಮತ್ತೆ ಚೆಕ್ ಮಾಡಿ. ಪಾಟ್ ಬದಲಾಯಿಸುವಾಗ ಬೇರಲ್ಲೂ ಬಿಳಿ ಪುಡಿ ಕಂಡ್ರೆ ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿ.

ಬೊಕಸಾನಾ ಮರಿ ಹಾಕಿದ್ರೆ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿಸಿ, ಗಾಯ ಒಣಗೋವರೆಗೂ ನಾಲ್ಕೈದು ದಿನ ನೆರಳಲ್ಲಿ ಬಿಟ್ಟು, ಆಮೇಲೆ ಒಣ ಮಿಕ್ಸ್ ಮೇಲೆ ಸುಮ್ನೆ ಕೂರಿಸಿ. ಬೇರು ಬಿಡೋಕೆ ಕೆಲವು ವಾರ ಬೇಕು, ಬಂತಾ ಅಂತ ದಿನಾ ಎತ್ತಿ ನೋಡೋಕೆ ಹೋಗ್ಬೇಡಿ.