ನನ್ನ ನೇಟಿವ್ ಕುಮಟಾ

2010ರಲ್ಲಿ ಒಂದು ದಿನ ಬೆಳಿಗ್ಗೆ ಏಳೂವರೆಗೆ ಬ್ಯಾಂಕಾಕಿನಿಂದ ಫೋನ್ ಬಂತು. ನಾನು ಕುಮಟಾದ ಮನೆಯಲ್ಲಿ ದೋಸೆ ತಿನ್ನುತ್ತಿದ್ದೆ. ಶಿಕ್ಷಕರನ್ನು ಹುಡುಕಿಕೊಡುವ ಒಂದು ಏಜೆನ್ಸಿಯವರು. ಹತ್ತು ನಿಮಿಷ ಚೆನ್ನಾಗಿ ಮಾತಾಡಿ, ಕೊನೆಗೆ 'ಆರ್ ಯು ಎ ನೇಟಿವ್?' ಅಂತ ಕೇಳಿದರು. ನಾನು ಹಿಂದೆ ಮುಂದೆ ನೋಡದೆ 'ಮೈ ನೇಟಿವ್ ಈಸ್ ಕುಮಟಾ' ಅಂದೆ. ಆ ಕಡೆ ಸದ್ದಿಲ್ಲ. ಫೋನ್ ಇಟ್ಟ ಮೇಲೆ ನನಗೆ ಹೊಳೆಯಿತು, ಅವರು ಕೇಳಿದ್ದು ಊರಿನ ವಿಷಯವಲ್ಲ, ಹುಟ್ಟುಭಾಷೆಯ ವಿಷಯ ಅಂತ. ಅಷ್ಟೊತ್ತಿಗೆ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಟು ಹದಿನೇಳು ವರ್ಷ ಆಗಿತ್ತು!

ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಎ ಬಿ ಸಿ ಡಿ ಕಂಡಿದ್ದೇ ಐದನೇ ಇಯತ್ತೆಯಲ್ಲಿ. ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಊರ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಟೆಂಪರರಿ ಮಾಸ್ತರನಾಗಿದ್ದೆ. ಪರ್ಮನೆಂಟ್ ಆಗುವ ಲಕ್ಷಣ ಇರಲಿಲ್ಲ. ಆಗ ಪೇಪರಿನಲ್ಲಿ ಮಾಲ್ಡೀವ್ಸ್ ಶಾಲೆಗಳ ಜಾಹೀರಾತು ಕಂಡಿತು. ಇಂಟರ್‌ವ್ಯೂ ತಿರುವನಂತಪುರದಲ್ಲಿ. 1993, ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಟ್ರೇನು.

ಹೊರಡುವ ಮೊದಲೇ ಒಂದು ಪಾಠ ಕಲಿತೆ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸು ಹಿಡಿಯುತ್ತದೆ ಅಂತ ಅಪ್ಪ ನನ್ನ ಸರ್ಟಿಫಿಕೇಟುಗಳನ್ನೆಲ್ಲ ಲ್ಯಾಮಿನೇಶನ್ ಮಾಡಿಸಿಟ್ಟಿದ್ದ. ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಹೊರದೇಶಕ್ಕೆ ಹೋಗುವ ಡಿಗ್ರಿ ಸರ್ಟಿಫಿಕೇಟಿನ ಹಿಂದೆ ಒಂದರ ಮೇಲೊಂದು ಸೀಲು ಬೀಳಬೇಕು. ಪ್ಲಾಸ್ಟಿಕ್ ಮೇಲೆ ಯಾರು ಸೀಲು ಹಾಕುತ್ತಾರೆ? ಮತ್ತೆ ಧಾರವಾಡಕ್ಕೆ ಹೋಗಿ ಅರ್ಜಿ, ಫೀಸು, ಡೂಪ್ಲಿಕೇಟು. ಆಯಿಯ ಚಿಂತೆ ಬೇರೆ. 'ತಮಾ, ಅಲ್ಲಿ ಊಟಕ್ಕೆ ಎಂತ ಮಾಡ್ತೆ?' ಮೀನಿಲ್ಲದ ಅಡುಗೆ ಇಲ್ಲದ ದ್ವೀಪಕ್ಕೆ ಅಪ್ಪೆಮಿಡಿಯ ಎರಡು ಬಾಟಲಿ ಹೊತ್ತುಕೊಂಡು ಹೋದೆ.

ಮಾಲ್ಡೀವ್ಸಿನ ಮೂರು ವರ್ಷ ನಾನು ಕಲಿಸಿದ್ದಕ್ಕಿಂತ ಕಲಿತಿದ್ದು ಜಾಸ್ತಿ. ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಬಹುದಾದ ದ್ವೀಪ ಅದು. ಅವರ ಲಿಪಿ ಥಾನಾ, ಬಲದಿಂದ ಎಡಕ್ಕೆ. ಪುಟ್ಟ ಮಕ್ಕಳು ಕೆಲವರು ಇಂಗ್ಲಿಷ್ ಪಟ್ಟಿಯನ್ನೂ ಹಿಂದಿನ ಪುಟದಿಂದ ಶುರು ಮಾಡುತ್ತಿದ್ದರು. ನನಗೆ ಗೊತ್ತಿದ್ದ ಒಂದೇ ವಿದ್ಯೆ ಅಂದರೆ ಓದು, ಕನ್ನಡದಲ್ಲಿ ಅರ್ಥ ಹೇಳು, ಬರೆಸು. ಅಲ್ಲಿ ಅರ್ಥ ಯಾವ ಭಾಷೆಯಲ್ಲಿ ಹೇಳುವುದು? ಆರು ತಿಂಗಳು ಒದ್ದಾಡಿದೆ. ಆಮೇಲೆ ಮಕ್ಕಳಿಂದಲೇ ಅವರ ದಿವೇಹಿ ಭಾಷೆಯ ಶಬ್ದ ದಿನಕ್ಕೆ ನಾಲ್ಕು ಕಲಿಯತೊಡಗಿದೆ. ನಾನು ತಪ್ಪು ಹೇಳಿದಾಗ ಅವು ಬಿದ್ದು ಬಿದ್ದು ನಗುತ್ತಿದ್ದವು. ನಕ್ಕ ಮಕ್ಕಳು ಮರುದಿನ ತಾವೂ ಬಾಯಿ ಬಿಟ್ಟವು. ಅವತ್ತಿನಿಂದ ಯಾವ ದೇಶಕ್ಕೆ ಹೋದರೂ ಮೊದಲ ತಿಂಗಳು ಕ್ಲಾಸಿನ ದಡ್ಡ ವಿದ್ಯಾರ್ಥಿ ನಾನೇ.

1997ರಲ್ಲಿ ಒಮಾನಿನ ಸಲಾಲಾ. ಅಲ್ಲಿ ತೆಂಗಿನ ತೋಟ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹನಿ ಇದೆ. ಕೊಲ್ಲಿಯ ಬೇರೆ ಊರುಗಳಿಂದ ಜನ ಕಾರು ಮಾಡಿಕೊಂಡು ಬರೀ ಆ ಹನಿ ನೋಡಲು ಬರುತ್ತಾರೆ. ನಮ್ಮ ದೇವಿಮನೆ ಘಟ್ಟದ ಆಷಾಢ ಅವರಿಗೆ ತೋರಿಸಬೇಕು ಅನ್ನಿಸುತ್ತಿತ್ತು.

ಅರಬ್ಬಿಯಲ್ಲಿ 'ಪ' ಇಲ್ಲ. ಪೆನ್ಸಿಲ್ ಬೆನ್ಸಿಲ್ ಆಗುತ್ತದೆ, ಪಾರ್ಕಿಂಗ್ ಬಾರ್ಕಿಂಗ್ ಆಗುತ್ತದೆ, ಅಂದರೆ ನಾಯಿ ಬೊಗಳುವುದು. ಇದಕ್ಕೆ ಒಂದು ಹಳೇ ಉಪಾಯ ಉಂಟು. ಬಾಯಿ ಮುಂದೆ ಸಣ್ಣ ಚೀಟಿ ಹಿಡಿದು ಪೆನ್ ಅನ್ನಬೇಕು. ಚೀಟಿ ಅಲ್ಲಾಡಿದರೆ 'ಪ', ಸುಮ್ಮನಿದ್ದರೆ 'ಬ'. ಪುಸ್ತಕದಲ್ಲಿ ಓದಿ ಬಹಳ ಹುಮ್ಮಸ್ಸಿನಿಂದ ಕ್ಲಾಸಿಗೆ ಹೋದೆ. ಚೀಟಿ ಹಿಡಿದೆ. 'ಪೆನ್' ಅಂದೆ. ಚೀಟಿ ಅಲ್ಲಾಡಲಿಲ್ಲ. ಮತ್ತೆ ಅಂದೆ. ಊಹೂಂ. ಮುಂದಿನ ಬೆಂಚಿನ ಹುಡುಗ ಗಂಭೀರವಾಗಿ 'ಬೆನ್, ಟೀಚರ್' ಅಂದ. ಇಡೀ ಕ್ಲಾಸು ಗೊಳ್ಳೆಂದಿತು.

ರಾತ್ರಿ ಕನ್ನಡಿ ಮುಂದೆ ಕೂತು ಯೋಚಿಸಿದೆ. ನನ್ನ ಬಾಯಲ್ಲಿ ಬರುತ್ತಿದ್ದುದು ಕನ್ನಡದ 'ಪ', ಅಲ್ಪಪ್ರಾಣ. ಅದರಲ್ಲಿ ಉಸಿರೇ ಇಲ್ಲ. ಇಂಗ್ಲಿಷಿನವರು ಶಬ್ದದ ಮೊದಲಲ್ಲಿ ಅನ್ನುವುದು ಹೆಚ್ಚುಕಡಿಮೆ ನಮ್ಮ ಮಹಾಪ್ರಾಣ. ಅದೂ ಫ್ಯಾನು ಫೋನಿನ 'ಫ' ಅಲ್ಲ, ತುಟಿ ಕೂಡಿಸಿ 'ಫಲ' ಅನ್ನುವ 'ಫ'. ಕನ್ನಡ ಶಾಲೆಯಲ್ಲಿ ಅಕ್ಕೋರು ಎದೆ ಮೇಲೆ ಕೈ ಇಟ್ಟುಕೊಂಡು ಹೇಳಿ ಅಂತ ಕ-ಖ, ಪ-ಫ ಹೇಳಿಸಿದ್ದು ನೆನಪಾಯಿತು. ಮರುದಿನ ಚೀಟಿ ಹಾರಿ ನೆಲಕ್ಕೆ ಬಿತ್ತು. ಆ ಹುಡುಗನಿಗೆ ಸರಿಯಾದ 'ಪ' ಬರಲು ಎರಡು ವಾರ ಬೇಕಾಯಿತು. ಹೌದು, ನನಗೂ ಅಷ್ಟೇ.

ಆ ಶಾಲೆಯಲ್ಲಿ ನಮ್ಮ ಪಾಸ್‌ಪೋರ್ಟನ್ನು ಆಫೀಸಿನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಗ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು, ನಾನೂ ಸುಮ್ಮನಿದ್ದೆ. ಅಪ್ಪ ತೀರಿಕೊಂಡಾಗ ಕಪಾಟಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದರು. ನಾನು ಮನೆ ಮುಟ್ಟಿದ್ದು ಐದನೇ ದಿನ. ಈಗ ಯಾರಾದರೂ ಕೇಳಿದರೆ ಸಂಬಳಕ್ಕಿಂತ ಮೊದಲು ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ ಅಂತ ವಿಚಾರಿಸಲು ಹೇಳುತ್ತೇನೆ.

2006ರಿಂದ ಮೂರು ವರ್ಷ ಇಥಿಯೋಪಿಯಾದ ಬಾಹಿರ್ ದಾರ್‌ನಲ್ಲಿ ಕಾಲೇಜು ಹುಡುಗರಿಗೆ ಪಾಠ. ಅಷ್ಟರಲ್ಲಿ ಎಂ.ಎ. ಕಟ್ಟಿ ಪಾಸು ಮಾಡಿಕೊಂಡಿದ್ದೆ. ಮೊದಲ ದಿನ ಕ್ಲಾಸು ಮೂರು ಗಂಟೆಗೆ ಅಂದರು. ಊಟ ಮಾಡಿ, ಸಣ್ಣ ನಿದ್ದೆ ತೆಗೆದು, ಮೂರಕ್ಕೆ ಸರಿಯಾಗಿ ಹೋದೆ. ಅಲ್ಲಿ ನರಪಿಳ್ಳೆ ಇಲ್ಲ. ಅವರ ಗಂಟೆ ಶುರುವಾಗುವುದು ನಮ್ಮ ಬೆಳಿಗ್ಗೆ ಆರಕ್ಕೆ. ಅವರ ಮೂರು ಅಂದರೆ ನಮ್ಮ ಒಂಬತ್ತು. ಅರುವತ್ತು ಹುಡುಗರು ಕಾದು ಕಾದು ಹೋಗಿದ್ದರು. ಪಂಚಾಂಗದ ಘಳಿಗೆಯನ್ನು ಸೂರ್ಯೋದಯದಿಂದ ಎಣಿಸುವ ಮನೆಯಲ್ಲಿ ಬೆಳೆದವನಿಗೆ ಇದು ತಿಳಿಯಬೇಕಿತ್ತು, ಅಲ್ವಾ? ಅವರ ವರ್ಷವೂ ಏಳೆಂಟು ವರ್ಷ ಹಿಂದೆ. ಹಾಗಾಗಿ 2000ನೇ ಇಸವಿ ಹುಟ್ಟಿದ್ದನ್ನು ನಾನು ಎರಡು ಸಲ ನೋಡಿದೆ. ಒಂದು ಸಲಾಲಾದಲ್ಲಿ, ಇನ್ನೊಂದು ಅಲ್ಲಿ, 2007ರ ಸೆಪ್ಟೆಂಬರಿನಲ್ಲಿ.

ಅಲ್ಲಿಯ ಅಮ್ಹಾರಿಕ್ ಭಾಷೆಯ ಲಿಪಿಗೆ ನಮ್ಮ ಹಾಗೇ ಕಾಗುಣಿತ ಇದೆ. ಒಂದೊಂದು ಅಕ್ಷರಕ್ಕೆ ಏಳು ರೂಪ. ನಾನು ಬೋರ್ಡಿನ ಮೇಲೆ ಕ, ಕಾ, ಕಿ, ಕೀ ಬರೆದು ತೋರಿಸಿದ ದಿನ ಅವರು ನನ್ನನ್ನು ತಮ್ಮವನು ಅಂದುಕೊಂಡರು. ಬರೆದಂತೆ ಓದುವ ಲಿಪಿಯಿಂದ ಬಂದವರಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಎಷ್ಟು ಅನ್ಯಾಯ ಅನ್ನಿಸುತ್ತದೆ ಎಂಬುದು ನನಗೆ ಗೊತ್ತಿತ್ತು.

ಆಮೇಲೆ ಥಾಯ್ಲೆಂಡ್. ಮೊದಲು ನಾಲ್ಕು ವಾರದ ಸೆಲ್ಟಾ ಅನ್ನುವ ಇಂಗ್ಲಿಷ್ ಶಿಕ್ಷಕರ ಕೋರ್ಸು ಮಾಡಿದೆ. ಕೇಂಬ್ರಿಜ್‌ನವರದು, 120 ತಾಸು, ಅದರಲ್ಲಿ ಆರು ತಾಸು ಅವರ ಕಣ್ಣೆದುರೇ ಪಾಠ ಮಾಡಬೇಕು. ನನ್ನ ವಯಸ್ಸಿನ ಅರ್ಧದ ಹುಡುಗಿ ಗಡಿಯಾರ ಹಿಡಿದು ಲೆಕ್ಕ ಹಾಕಿದಳು. 45 ನಿಮಿಷದ ಪಾಠದಲ್ಲಿ ನಾನೇ 31 ನಿಮಿಷ ಮಾತಾಡಿದ್ದೆ. ತಾಳಮದ್ದಳೆಯ ಸೀಮೆಯವನು, ಎದುರು ನಾಲ್ಕು ಜನ ಕೂತರೆ ಅರ್ಥ ಹೇಳುವ ಚಟ. ಬಾಯಿ ಮುಚ್ಚಲು ಕಲಿಯುವುದೇ ಆ ಕೋರ್ಸಿನ ಕಷ್ಟದ ಭಾಗ.

ಕೆಲಸ ಸಿಕ್ಕಿದ್ದು ನಾಖೋನ್ ಪಥೋಮ್‌ನಲ್ಲಿ. ಆ ಹೆಸರು ಮೂಲದಲ್ಲಿ 'ನಗರ ಪ್ರಥಮ'ವೇ. ನನಗೆ 22 ಸಾವಿರ ಬಾತ್. ಪಕ್ಕದ ಮೇಜಿನ ಇಂಗ್ಲೆಂಡಿನ ಹುಡುಗನಿಗೆ 35 ಸಾವಿರ. ಅವನಿಗೆ ಅದು ಮೊದಲ ನೌಕರಿ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಕೊರಿಯಾದಂಥ ದೇಶದಲ್ಲಿ ಇಂಗ್ಲಿಷ್ ಶಿಕ್ಷಕರ ವೀಸಾವನ್ನೇ ಹೆಚ್ಚಾಗಿ ಇಂಗ್ಲಿಷ್ ಮಾತಾಡುವ ಏಳು ದೇಶದವರಿಗೆ ಮೀಸಲಿಟ್ಟಿದ್ದಾರೆ. ನಮ್ಮ ಪಾಸ್‌ಪೋರ್ಟಿನವರು ಇದನ್ನು ತಿಳಿದೇ ಹೊರಡಬೇಕು. ಒಂದು ದಿನ ಮಕ್ಕಳು ಅವನಿಗೆ 'ಹ್ಯಾಸ್ ಗಾನ್' ಮತ್ತು 'ಹ್ಯಾಸ್ ಬೀನ್' ನಡುವೆ ಏನು ವ್ಯತ್ಯಾಸ ಅಂತ ಕೇಳಿದರು. ಅವನು ನನ್ನ ಹತ್ತಿರ ಬಂದ. ಒಂದು 'ಹೋಗಿದ್ದಾನೆ', ಇನ್ನೊಂದು 'ಹೋಗಿ ಬಂದಿದ್ದಾನೆ'. ಕನ್ನಡದವನಿಗೆ ಇಷ್ಟೇ. ಥಾಯ್ ಭಾಷೆಯಲ್ಲೂ ದಾರಿಯಲ್ಲಿ ಸಿಕ್ಕವರನ್ನು 'ಪೈ ನಾಯ್ ಮಾ' ಅನ್ನುತ್ತಾರೆ, ಎಲ್ಲಿಗೆ ಹೋಗಿ ಬಂದೆ ಅಂತ. ಹಾಗೇ ಹೇಳಿದೆ, ಐದು ನಿಮಿಷದಲ್ಲಿ ಮಕ್ಕಳಿಗೆ ಹತ್ತಿತು.

ಥಾಯ್ ಮಕ್ಕಳು ಶಬ್ದದ ಬಾಲ ಕತ್ತರಿಸುತ್ತಾರೆ. ಬಸ್ ಹೋಗಿ 'ಬತ್' ಆಗುತ್ತದೆ, ಸ್ಕೂಲ್ ಹೋಗಿ 'ಸಕೂನ್'. ನಾವು ಬಾಲಕ್ಕೆ ಗಂಟು ಹಾಕುತ್ತೇವೆ, ಬಸ್ಸು, ಸ್ಕೂಲು. ನಾನು ಸಂಧಿ ಮಾಡಿಸಿದೆ. 'ಬಸ್ ಈಸ್' ಅನ್ನುವುದನ್ನು 'ಬಸೀಸ್' ಅಂತ ಒಂದೇ ಉಸಿರಿಗೆ. ಕೊನೆಯ ಸಕಾರ ಮುಂದಿನ ಶಬ್ದದ ಮೊದಲಿಗೆ ಹೋಗಿ ಕೂತರೆ ಅವರ ನಾಲಗೆಗೆ ತಕರಾರಿಲ್ಲ.

ಜೂನ್‌ನಲ್ಲಿ ಅಲ್ಲಿ 'ವೈ ಖ್ರು' ಅಂತ ಮಾಡುತ್ತಾರೆ. ಖ್ರು ಅಂದರೆ ನಮ್ಮ ಗುರುವೇ. ಮಕ್ಕಳು ಮಂಡಿಯ ಮೇಲೆ ತೆವಳುತ್ತಾ ಬಂದು ಹೂವಿನ ತಟ್ಟೆ ಕೊಟ್ಟು ನಮಸ್ಕರಿಸುತ್ತಾರೆ. ಮೊದಲ ವರ್ಷ ತಟ್ಟೆ ನೋಡಿ ನನ್ನ ಗಂಟಲು ಕಟ್ಟಿತು. ಗರಿಕೆ, ಕೇಪಳದ ಹೂವು, ಬದನೆಯ ಹೂವು. ತುಳಿದರೂ ಚಿಗುರುವ ಗರಿಕೆಯ ಹಾಗೆ ಕಲಿಯಲಿ, ಕೇಪಳದ ಮೊಗ್ಗಿನ ಹಾಗೆ ಬುದ್ಧಿ ಚೂಪಾಗಲಿ, ಬದನೆ ಹೂವಿನ ಹಾಗೆ ತಲೆ ಬಾಗಲಿ ಅಂತ. ಇವೆಲ್ಲ ನಮ್ಮ ಮನೆ ಹಿತ್ತಿಲಲ್ಲೇ ಇದ್ದವು.

2017ರಲ್ಲಿ ಊರಿಗೆ ಬಂದೆ. ಈಗ ರವಿವಾರ ಜಗಲಿಯಲ್ಲಿ ನಾಲ್ಕೈದು ಮಕ್ಕಳು ಕೂರುತ್ತಾರೆ, ಫೀಸಿಲ್ಲ. ಹೊರದೇಶಕ್ಕೆ ಹೋಗಬೇಕು ಅನ್ನುವ ಒಬ್ಬಳು ನರ್ಸಿಂಗ್ ಹುಡುಗಿ ಇದ್ದಾಳೆ. ಸರ್ಟಿಫಿಕೇಟು ತರಲು ಹೇಳಿದರೆ ಲ್ಯಾಮಿನೇಶನ್ ಮಾಡಿಸಿಕೊಂಡೇ ಬಂದಿದ್ದಳು. ಕಳೆದ ವಾರ ಅವಳ ಕೈಯಲ್ಲಿ ಚೀಟಿ ಕೊಟ್ಟು 'ಪೇಶೆಂಟ್' ಅನ್ನಿಸಿದೆ. ಕರೆಂಟು ಹೋಗಿತ್ತು. ಎರಡು ಸಲ ಚೀಟಿ ಅಲ್ಲಾಡಲಿಲ್ಲ. ಮೂರನೇ ಸಲಕ್ಕೆ ಹಾರಿಯೇ ಹೋಯಿತು. 'ಬಂತು ಸರ್!' ಅಂದಳು. ತಲೆಯೆತ್ತಿ ನೋಡಿದರೆ ಫ್ಯಾನು ತಿರುಗುತ್ತಿತ್ತು.