ನಾಟಕದ ಖರ್ಚಿನ ಪಟ್ಟಿಯಲ್ಲಿ ಸಂಘಟಕನಿಗೂ ಒಂದು ಸಾಲು

ನಮ್ಮ ಹಾಸನ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವವರಿಗೆ ದುಡ್ಡಿನ ವಿಷಯದಲ್ಲಿ ಸಂಕೋಚವಿಲ್ಲ. ದುರ್ಯೋಧನನ ಪಾತ್ರ ಬೇಕೆಂದರೆ ಆಡುವವನೇ ಹೆಚ್ಚು ದುಡ್ಡು ಕೊಡಬೇಕು, ಸೈಂಧವನ ಪಾತ್ರಕ್ಕೆ ಕಡಿಮೆ ಸಾಕು. ಹಾರ್ಮೋನಿಯಂ ಮೇಷ್ಟ್ರಿಗೆ ಇಷ್ಟು, ತಬಲದವರಿಗೆ ಇಷ್ಟು, ಸೀನರಿಯವರಿಗೆ ಇಷ್ಟು, ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಗೆ ಇಷ್ಟು ಎಂದು ದೇವಸ್ಥಾನದ ಜಗಲಿಯ ಮೇಲೆ ಎಲ್ಲರೆದುರೇ ನೋಟ್‌ಬುಕ್ಕಿಗೆ ಇಳಿಯುತ್ತದೆ. ನಾಟಕ ಮುಗಿದ ಮೇಲೆ ಅದನ್ನೇ ಊರವರಿಗೆ ಓದಿ ಹೇಳುತ್ತಾರೆ. ಬಾಲ್ಯದಿಂದ ಇದನ್ನು ನೋಡಿದವನಿಗೆ ಪೇಟೆಯ ಹವ್ಯಾಸಿ ತಂಡ ಸೇರಿದಾಗ ಆಶ್ಚರ್ಯವಾಯಿತು. ಅಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಲೈಟಿಂಗ್‌ನವನ ಬಾಕಿ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಸೇರಿದ್ದು ನಟನಾಗಿ. ಅರ್ಜಿ ಬರೆಯಲು ಬರುತ್ತದೆ, ಬೈಕ್ ಇದೆ ಎಂಬ ಎರಡೇ ಅರ್ಹತೆಯ ಮೇಲೆ ಕಚೇರಿ ಓಡಾಟ ನನ್ನ ತಲೆಗೆ ಬಂತು. ಹಾಸನಾಂಬ ಕಲಾಕ್ಷೇತ್ರದ ದಿನಾಂಕ ಹಿಡಿಯುವುದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಧನಸಹಾಯದ ಅರ್ಜಿ ಹಾಕುವುದು, ಪಾಂಪ್ಲೆಟ್ ಪ್ರೂಫ್ ನೋಡುವುದು. ಸಂಜೆ ತಾಲೀಮಿಗೆ ಬರುವಷ್ಟರಲ್ಲಿ ದನಿಯೇ ಇರುತ್ತಿರಲಿಲ್ಲ. ಕೊನೆಗೊಂದು ಸಭೆಯಲ್ಲಿ, ಮುಂದಿನ ನಾಟಕದ ಖರ್ಚಿನ ಪಟ್ಟಿಯಲ್ಲಿ ‘ಸಂಘಟಕರ ಗೌರವಧನ’ ಎಂಬ ಸಾಲು ಸೇರಿಸಿ ಮುಂದಿಟ್ಟೆ.

“ಸಂಘದ ಕೆಲಸಕ್ಕೂ ಕೂಲಿ ಕೇಳ್ತೀಯೇನೋ?” ಎಂದರು ನಿರ್ದೇಶಕ ಮೇಷ್ಟ್ರು.

“ಮೇಕಪ್ಪಿನೋರಿಗೆ ಕೊಡ್ತೀವಲ್ಲ ಸಾರ್, ಅವರೂ ಸಂಘದೋರೇ.”

ಯಾರೂ ಮಾತಾಡಲಿಲ್ಲ. ಒಪ್ಪಿಗೆಯಾಗಲು ಎರಡು ಸಭೆ ಹಿಡಿಯಿತು. ಮೊತ್ತ ಸಣ್ಣದೇ, ಆದರೆ ನನ್ನ ವೃತ್ತಿ ಶುರುವಾಗಿದ್ದು ಆ ಸಾಲಿನಿಂದ. ಅದು ಅಚ್ಚಾದ ಮೇಲೆ ಬೇರೆ ಸಂಘಗಳಿಗೆ ನಾಟಕೋತ್ಸವ ನಡೆಸಿಕೊಡುವಾಗ ನನ್ನ ದರ ಹೇಳಲು ನಾಲಿಗೆ ತೊದಲಲಿಲ್ಲ.

‘ಕಲಾವಿದನಾದವನಿಗೆ ಲೆಕ್ಕಪತ್ರ ಯಾಕೆ’ ಎನ್ನುವವರಿಗೆ ನಾನು ಗುಬ್ಬಿ ವೀರಣ್ಣನವರ ಹೆಸರು ಹೇಳುತ್ತೇನೆ. ಅವರು ನಟ, ನಾಟಕ ಕಂಪನಿಯ ಮಾಲೀಕ ಎರಡೂ ಹೌದು. 1949ರಲ್ಲಿ ಹೆಗ್ಗೋಡಿನಲ್ಲಿ ಗೆಳೆಯರೊಂದಿಗೆ ನೀನಾಸಂ ಎಂಬ ನಾಟಕ ಸಂಘ ಕಟ್ಟಿದ ಕೆ.ವಿ. ಸುಬ್ಬಣ್ಣ ಲೇಖಕರು, ಅನುವಾದಕರು, ಪ್ರಕಾಶಕರು, ಅಡಿಕೆ ಬೆಳೆಗಾರರು. ಕಲೆ ಬೇರೆ, ವ್ಯವಸ್ಥೆ ಬೇರೆ ಎಂಬ ಮಡಿ ನಮ್ಮ ರಂಗಭೂಮಿಗೆ ಎಂದೂ ಇರಲಿಲ್ಲ.

ಕಾಗದದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸಿ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಬಿಟ್ಟ ಸಂಘಗಳೇ ಧನಸಹಾಯದ ಹೊತ್ತಿಗೆ ಗೋಳಾಡುವುದು. ನಾಟಕಕಾರರು ತೀರಿಕೊಂಡು 60 ವರ್ಷವಾಗುವ ತನಕ ಹಕ್ಕು ವಾರಸುದಾರರದ್ದು, ಅನುಮತಿ ಪತ್ರ ಮತ್ತು ರಾಯಲ್ಟಿ ತಪ್ಪಿಸಬೇಡಿ. ನಾಟಕದ ಟಿಕೆಟ್ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಟಿಡಿಎಸ್, ಅಂದರೆ ಮೂಲದಲ್ಲೇ ಕಡಿಯುವ ತೆರಿಗೆ, ಹಿಡಿದುಕೊಂಡು ಸಂಭಾವನೆ ಕೊಟ್ಟರೆ ಆದಾಯ ತೆರಿಗೆ ರಿಟರ್ನ್ ಹಾಕಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದ ಕಲಾವಿದರು ವಾಪಸ್ ಬರಬೇಕಾದ ದುಡ್ಡನ್ನು ಸುಮ್ಮನೆ ಬಿಡುತ್ತಾರೆ.

ನನ್ನ ವರಮಾನದ ದೊಡ್ಡ ಪಾಲು ಈಗ ಬರುವುದು ಚಿಕ್ಕಮಗಳೂರು ಕಡೆಯಿಂದ. ಅಲ್ಲಿನ ರೆಸಾರ್ಟ್‌ನವರು ಅತಿಥಿಗಳಿಗೆ ವೀರಗಾಸೆ ಕುಣಿತ ತೋರಿಸಬೇಕು ಎನ್ನುತ್ತಾರೆ. ಫೋನಿನಲ್ಲಿ ಕೇಳುವುದೇ “ಹತ್ತು ನಿಮಿಷ ಸಾಕು, ಎಷ್ಟು ಕಮ್ಮಿ ಮಾಡ್ತೀರಿ?” ಎಂದು. ಕುಣಿಯುವುದು ಹತ್ತು ನಿಮಿಷವಾದರೂ ಕಾವಿ ಉಟ್ಟು, ರುದ್ರಾಕ್ಷಿ ಕಟ್ಟಿ, ವಿಭೂತಿ ಹಚ್ಚಿ ಸಿದ್ಧವಾಗಲು ಎಷ್ಟು ಹೊತ್ತು ಬೇಕು, ಸಂಬಾಳ, ಕರಡೆ ವಾದ್ಯದವರಿಲ್ಲದೆ ಹೆಜ್ಜೆ ಏಳುವುದಿಲ್ಲ ಎಂದು ವಿವರಿಸಲು ವೇಷ ಕಟ್ಟಿ ಗೊತ್ತಿದ್ದವನೇ ಬೇಕು. ಒಂದು ಪುಟದ ಕರಾರು ಮಾಡುತ್ತೇನೆ: ಅರ್ಧ ಮುಂಗಡ, ತಂಡಕ್ಕೂ ಅತಿಥಿಗಳಿಗೆ ಬಡಿಸುವ ಊಟವೇ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಈಜುಕೊಳದ ಪಕ್ಕದ ಒದ್ದೆ ಟೈಲ್ಸ್ ಮೇಲೆ ಕತ್ತಿ ಹಿಡಿದು ಕುಣಿಯುವುದಿಲ್ಲ. ಜಿಎಸ್‌ಟಿ ಎಂದು ಅಕೌಂಟೆಂಟ್ ತಕರಾರು ತೆಗೆದರೆ, ಜಾನಪದ, ಶಾಸ್ತ್ರೀಯ ಕಲೆಗಳ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಪ್ರದರ್ಶನವೊಂದಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ ಎಂಬ ಅಧಿಸೂಚನೆಯ ಪ್ರತಿ ಫೋನಿನಲ್ಲೇ ಇದೆ, ಕಳಿಸುತ್ತೇನೆ. ತಂಡದ ಸಂಭಾವನೆ ಎಷ್ಟು, ನನ್ನ ಪಾಲು ಎಷ್ಟು ಎಂಬುದೂ ಅದೇ ಕಾಗದದಲ್ಲಿ ಇರುತ್ತದೆ. ತಂಡದ ಹಿರಿಯರು ಓದಿಯೇ ಸಹಿ ಹಾಕುತ್ತಾರೆ.

ನಟನಾಗಿರುವುದರ ಲಾಭ ಸಣ್ಣ ಸಂಗತಿಗಳಲ್ಲಿ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರಕ್ಕೆ ನಾಟಕ ಒಯ್ಯುವಾಗ ನಾನು ಮೊದಲು ನೋಡುವುದು ಗ್ರೀನ್‌ರೂಮಿನ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು. ಪ್ರದರ್ಶನದ ದಿನ ಮಧ್ಯಾಹ್ನ ಮುದ್ದೆ ಊಟ ಬೇಡ ಎಂದು ಆತಿಥ್ಯ ವಹಿಸಿದವರಿಗೆ ಮೊದಲೇ ಹೇಳುತ್ತೇನೆ. ಅವರಿಗೆ ಬೇಸರ, ಪ್ರೀತಿಯಿಂದ ಮಾಡಿಸಿರುತ್ತಾರೆ. ಆದರೆ ಮುದ್ದೆ ಉಂಡ ಭೀಮ ಸಂಜೆ ಗದೆ ಎತ್ತುವುದಿಲ್ಲ.

ನಟನೆ, ಸಂಘಟನೆ ಎರಡನ್ನೂ ಒಟ್ಟಿಗೆ ಮಾಡುವುದಕ್ಕೆ ಮಲೆನಾಡಿನ ಮಳೆಯೇ ನನಗೆ ಕ್ಯಾಲೆಂಡರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನೂ ನಡೆಯುವುದಿಲ್ಲ. ಅದು ಹೊಸ ನಾಟಕ ಓದಿಗೆ, ತಾಲೀಮಿಗೆ. ದೀಪಾವಳಿ ಕಳೆದ ಮೇಲೆ ಸೀಸನ್. ಫೆಬ್ರವರಿ, ಮಾರ್ಚ್‌ನಲ್ಲಿ ಆರ್ಥಿಕ ವರ್ಷ ಮುಗಿಯುವ ಧಾವಂತಕ್ಕೆ ಸರ್ಕಾರಿ ಕಾರ್ಯಕ್ರಮಗಳು ಒಂದರ ಮೇಲೊಂದು ಬೀಳುತ್ತವೆ. ಆಗ ನಾನು ದೊಡ್ಡ ಪಾತ್ರ ಒಪ್ಪುವುದಿಲ್ಲ. ವರ್ಷಕ್ಕೊಂದು ಮುಖ್ಯ ಪಾತ್ರ, ಅದೂ ಮಳೆಗಾಲದಲ್ಲಿ ತಯಾರಾದದ್ದು. ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಕಾಯಿಸುವ ಕಚೇರಿಗಳಿವೆ. ಹಾಗಾಗಿ ಸಂಘದ ಖಾತೆಯಲ್ಲಿ ಒಂದು ಪ್ರದರ್ಶನದ ಪೂರ್ತಿ ಖರ್ಚಿನಷ್ಟು ಹಣವನ್ನು ಮುಟ್ಟದೆ ಇಡುತ್ತೇವೆ. ಬಣ್ಣದವನಿಗೆ ಅಂದೇ ರಾತ್ರಿ ದುಡ್ಡು ಕೊಡುವ ತಂಡಕ್ಕೆ ಅವನು ಮುಂದಿನ ಸಲ ಮೊದಲೇ ಬರುತ್ತಾನೆ.

ಬಣ್ಣ ಹಚ್ಚಿದ ದಿನ ಮಾತ್ರ ಫೋನೂ ಕ್ಯಾಷೂ ನನ್ನ ಬಳಿ ಇರುವುದಿಲ್ಲ. ತಂಡದ ಹುಡುಗಿಯೊಬ್ಬಳು ನೋಡಿಕೊಳ್ಳುತ್ತಾಳೆ. ಬಿ.ಕಾಂ. ಓದಿದವಳು, ಹಾಡೂ ಚೆನ್ನಾಗಿ ಹೇಳುತ್ತಾಳೆ. ಆ ದಿನಗಳ ಗೌರವಧನ ಅವಳಿಗೇ ಹೋಗುತ್ತದೆ. ಮೊತ್ತ ಸಾಲದು, ಏರಿಸಬೇಕು ಎಂದು ಈ ಸಲದ ಸರ್ವ ಸದಸ್ಯರ ಸಭೆಗೆ ಲಿಖಿತವಾಗಿ ಕೊಟ್ಟಿದ್ದಾಳೆ. ಸೂಚಕರ ಜಾಗದಲ್ಲಿ ನನ್ನ ಸಹಿ ಇದೆ, ಅನುಮೋದಕರನ್ನು ಹುಡುಕುತ್ತಿದ್ದೇವೆ. ಮೇಷ್ಟ್ರು ಇನ್ನೂ ಏನೂ ಹೇಳಿಲ್ಲ.